ಮಲ್ಟಿಪಲ್ ಮೈಲೋಮಾ: ಯಾವ ಕೆಲಸಕ್ಕೆ ಯಾವ ಆಸ್ಪತ್ರೆ?

“ಮಣಿಪಾಲಕ್ಕೆ ಕರ್ಕೊಂಡ್ ಹೋಗಿ” ಎಂದರು ಸೋದರಮಾವ. “ಕಿದ್ವಾಯಿ ಇರುವಾಗ ಮಣಿಪಾಲ ಯಾಕೆ?” ಎಂದ ತಮ್ಮ. ಪಕ್ಕದ ಮನೆಯವರು ವೆಲ್ಲೂರಿನ ಹೆಸರು ತೆಗೆದರು. ಅಪ್ಪಯ್ಯನ ರಿಪೋರ್ಟಿನಲ್ಲಿ ಮಲ್ಟಿಪಲ್ ಮೈಲೋಮಾ (ಮೂಳೆಮಜ್ಜೆಯ ಒಂದು ಬಗೆಯ ಕ್ಯಾನ್ಸರ್) ಎಂದು ಬರೆದು ಬಂದ ಸಂಜೆ ಸಾಗರದ ಹತ್ತಿರದ ನಮ್ಮ ಮನೆಯ ಜಗಲಿಯಲ್ಲಿ ನಡೆದ ಮಾತಿದು. ಯಾವುದು ದೊಡ್ಡ ಆಸ್ಪತ್ರೆ ಎಂಬುದೊಂದೇ ಎಲ್ಲರ ತಲೆಯಲ್ಲಿತ್ತು. ಯಾವ ಕೆಲಸ ಎಲ್ಲಿ ಆಗಬೇಕು ಎಂದು ಅವತ್ತು ಯಾರೂ ಕೇಳಲಿಲ್ಲ. ಅದನ್ನು ಕೇಳಲು ಕಲಿಯುವಷ್ಟರಲ್ಲಿ ನಮಗೆ ಒಂದು ವರ್ಷ ಕಳೆದಿತ್ತು. ಈಗ ಅದೇ ಜಗಲಿಯ ಮೇಲೆ ಕೂತಿರುವ ಬೇರೆ ಮನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೂಳೆಯೊಳಗಿನ ಮಜ್ಜೆಯಲ್ಲಿ ಪ್ಲಾಸ್ಮಾ ಕಣಗಳಿರುತ್ತವೆ. ಸೋಂಕು ಬಂದಾಗ ಪ್ರತಿಕಾಯ ತಯಾರಿಸುವುದು ಅವುಗಳ ಕೆಲಸ. ಮೈಲೋಮಾದಲ್ಲಿ ಇವೇ ಕಣಗಳು ಹದ ತಪ್ಪಿ ಬೆಳೆದು, ಉಪಯೋಗಕ್ಕೆ ಬಾರದ ಒಂದೇ ನಮೂನೆಯ ಪ್ರೋಟೀನನ್ನು ರಕ್ತಕ್ಕೆ ಸುರಿಯುತ್ತವೆ. ಮೂಳೆ ಟೊಳ್ಳಾಗುತ್ತದೆ, ಹಿಮೋಗ್ಲೋಬಿನ್ ಇಳಿಯುತ್ತದೆ, ಕ್ಯಾಲ್ಸಿಯಂ ಏರುತ್ತದೆ, ಕಿಡ್ನಿ ಸೋಲುತ್ತದೆ. ಇದನ್ನು ವರ್ಷಗಟ್ಟಲೆ ಹದ್ದುಬಸ್ತಿನಲ್ಲಿಡುವ ಔಷಧಗಳು ಇವತ್ತು ಇವೆ. ಆದರೆ ಒಮ್ಮೆ ಆಪರೇಷನ್ ಮಾಡಿಸಿ ಮನೆಗೆ ಬಂದು ಮರೆತುಬಿಡುವ ಕಾಯಿಲೆ ಇದಲ್ಲ. ಅಡಿಕೆಯ ಕೊಳೆರೋಗಕ್ಕೆ ಒಂದು ಮಳೆಗಾಲ ಬೋರ್ಡೋ ಹೊಡೆದು ಮುಂದಿನ ಮಳೆಗಾಲ ಸುಮ್ಮನೆ ಕೂರಲು ಆಗುತ್ತದೆಯೇ? ಹಾಗೆಯೇ ಇದೂ. ಹೀಗಾಗಿ ಆಸ್ಪತ್ರೆಯ ಹೆಸರಿನಷ್ಟೇ ಮುಖ್ಯ ಅಲ್ಲಿಗೆ ಹೋಗುವ ದಾರಿ, ಆ ದಾರಿಯನ್ನು ನೀವು ಎಷ್ಟು ಸಲ ತುಳಿಯಬೇಕು ಎಂಬ ಲೆಕ್ಕ.

ರೋಗ ಪತ್ತೆ: ಇಲ್ಲಿ ಮಾತ್ರ ದೂರದ ಲೆಕ್ಕ ಬೇಡ

ಅಪ್ಪಯ್ಯನಿಗೆ ಸೊಂಟನೋವು ಶುರುವಾದಾಗ ಎಲ್ಲರೂ ತೋಟದ ಕೆಲಸವನ್ನು ದೂರಿದೆವು. ಎಂಟು ತಿಂಗಳು ನೋವಿನ ಗುಳಿಗೆ ನುಂಗಿದರು. ಆ ಗುಳಿಗೆಗಳೇ ಮೈಲೋಮಾ ಇರುವವರ ಕಿಡ್ನಿಗೆ ದೊಡ್ಡ ಶತ್ರು ಎಂದು ನಮಗೆ ಗೊತ್ತಿರಲಿಲ್ಲ. ಬೆನ್ನುಮೂಳೆಯ ಚಿತ್ರ ನೋಡಿದ ಒಂದು ಆಸ್ಪತ್ರೆಯವರು ಕ್ಷಯ ಇರಬಹುದು ಎಂದರು. ನಮ್ಮ ದೇಶದಲ್ಲಿ ಹೀಗೆ ಆಗುವುದು ಅಪರೂಪವಲ್ಲ. ಇನ್ನೊಂದು ಕಡೆ ಮೈಲೋಮಾ ಎಂಬ ಅನುಮಾನ ಬಂತು. ಆದರೆ ಮಜ್ಜೆಯ ಪರೀಕ್ಷೆ ಪೂರ್ತಿ ಮಾಡುವ ಮೊದಲೇ ಸ್ಟೀರಾಯ್ಡ್ ಕೊಡಲು ಶುರು ಮಾಡಿದರು. ನೋವು ತಕ್ಷಣ ಇಳಿಯಿತು, ನಮಗೂ ಸಂತೋಷವಾಯಿತು. ಎರಡು ವಾರದ ಮೇಲೆ ಬೆಂಗಳೂರಿನ ರಕ್ತರೋಗ ತಜ್ಞರು ಫೈಲು ತಿರುವಿ, “ಫಿಶ್ ಪರೀಕ್ಷೆ ಮಾಡಿಸಿದ್ರಾ?” ಎಂದು ಕೇಳಿದಾಗ ನಮ್ಮ ಬಳಿ ಉತ್ತರವಿರಲಿಲ್ಲ.

ಫಿಶ್ ಎಂದರೆ ಮಜ್ಜೆಯ ಕ್ಯಾನ್ಸರ್ ಕಣಗಳ ವರ್ಣತಂತುಗಳಲ್ಲಿ ಏನು ಬದಲಾಗಿದೆ ಎಂದು ನೋಡುವ ಪರೀಕ್ಷೆ. 17ನೇ ವರ್ಣತಂತುವಿನ ಒಂದು ತುಣುಕು ಬಿಟ್ಟುಹೋಗಿದ್ದರೆ, 4 ಮತ್ತು 14ರ ತುಣುಕುಗಳು ಅದಲುಬದಲಾಗಿದ್ದರೆ ರೋಗದ ನಡೆ ಜೋರು. ಚಿಕಿತ್ಸೆಯೂ ಅದಕ್ಕೆ ತಕ್ಕಂತೆ ಗಟ್ಟಿಯಾಗಿರಬೇಕು. ಚಿಕಿತ್ಸೆ ಶುರುವಾದ ಮೇಲೆ ಮಜ್ಜೆಯಲ್ಲಿ ಆ ಕಣಗಳೇ ಕಡಿಮೆಯಾಗಿ ಪರೀಕ್ಷೆ ಹಾಳಾಗಬಹುದು. ಜೀವಕ್ಕೆ ಅಪಾಯವಿದ್ದಾಗ, ಕಿಡ್ನಿ ದಿನದಿನಕ್ಕೂ ಇಳಿಯುತ್ತಿದ್ದಾಗ ವೈದ್ಯರು ಕಾಯಲಾರರು, ಅದು ಬೇರೆ ಮಾತು. ಆಗಲೂ ಮಜ್ಜೆಯ ಮಾದರಿ ತೆಗೆದಿಟ್ಟು ಮುಂದುವರಿಯಬಹುದೇ ಎಂದು ಒಂದು ಮಾತು ಕೇಳಿ.

ರಕ್ತದ ಪ್ರೋಟೀನ್ ಎಲೆಕ್ಟ್ರೋಫೊರೆಸಿಸ್, ಇಮ್ಯುನೋಫಿಕ್ಸೇಷನ್, ಫ್ರೀ ಲೈಟ್ ಚೈನ್ (ಈ ಮೂರೂ ಆ ಕೆಟ್ಟ ಪ್ರೋಟೀನನ್ನು ರಕ್ತದಲ್ಲಿ ಹುಡುಕುವ ಪರೀಕ್ಷೆಗಳು), ಮಜ್ಜೆ, ಫಿಶ್, ಇಡೀ ಮೈಯ ಸಿಟಿ ಅಥವಾ ಪೆಟ್-ಸಿಟಿ. ಇವಿಷ್ಟನ್ನೂ ಮಾಡಿಸಿ, ಒಟ್ಟಿಗೆ ಇಟ್ಟು ಓದಬಲ್ಲ ವೈದ್ಯರು ಇರುವ ಕಡೆ ಮೊದಲ ಸಲ ಹೋಗಲೇಬೇಕು. ಸಾಗರದಿಂದ ಬೆಂಗಳೂರು ಒಂದು ರಾತ್ರಿಯ ರೈಲು. ರೋಗ ಪತ್ತೆಗೆಂದು ಒಮ್ಮೆ ಮಾಡುವ ಈ ಪಯಣಕ್ಕೆ ಅಳೆದು ಸುರಿದು ನೋಡಬೇಕಿಲ್ಲ. ಬೋರ್ಡಿನ ಮೇಲೆ ಹುಡುಕಬೇಕಾದ ಹೆಸರು ಹೆಮಟಾಲಜಿ, ಅಂದರೆ ರಕ್ತರೋಗ ವಿಭಾಗ. ಕ್ಯಾನ್ಸರಿಗೆ ಔಷಧ ಕೊಡುವ ಮೆಡಿಕಲ್ ಆಂಕಾಲಜಿಸ್ಟರೂ ಮೈಲೋಮಾ ನೋಡುತ್ತಾರೆ. ಆದರೆ ಸ್ತನದ್ದು, ಶ್ವಾಸಕೋಶದ್ದು ಎಂದು ನೂರು ಬಗೆಯ ರೋಗಿಗಳ ನಡುವೆ ಮೈಲೋಮಾದವರು ಎಷ್ಟು ಮಂದಿ ಬರುತ್ತಾರೆ ಎಂದು ವಿನಯದಿಂದ ಕೇಳುವುದರಲ್ಲಿ ತಪ್ಪಿಲ್ಲ. ಒಳ್ಳೆಯ ವೈದ್ಯರು ಬೇಸರಪಟ್ಟುಕೊಳ್ಳುವುದಿಲ್ಲ.

ನಮ್ಮ ಮುಂದಿದ್ದ ದಾರಿಗಳು

ಕಿದ್ವಾಯಿಯಿಂದ ಶುರು ಮಾಡುತ್ತೇನೆ. 1973ರಲ್ಲಿ ಶುರುವಾದ, ಹೊಸೂರು ರಸ್ತೆಯಲ್ಲಿ ನಿಮ್ಹಾನ್ಸ್ ಮಗ್ಗುಲಿಗಿರುವ ರಾಜ್ಯದ ಸರ್ಕಾರಿ ಕ್ಯಾನ್ಸರ್ ಸಂಸ್ಥೆ ಇದು. ಖರ್ಚು ಕಡಿಮೆ. ಸರ್ಕಾರಿ ಯೋಜನೆಗಳ ಕಾಗದಪತ್ರ ಅಲ್ಲಿನವರಿಗೆ ನಿತ್ಯದ ಕೆಲಸ. ದೂರದ ಊರುಗಳಿಂದ ಬಂದವರಿಗೆ ಧರ್ಮಶಾಲೆಯಿದೆ. ಈಚಿನ ವರ್ಷಗಳಲ್ಲಿ ಅಸ್ಥಿಮಜ್ಜೆ ಕಸಿಯ ಘಟಕವೂ ಬಂದಿದೆ. ಎಲ್ಲಕ್ಕಿಂತ ಮಿಗಿಲಾಗಿ ನಮ್ಮವರು ತಮ್ಮ ನೋವನ್ನು ಕನ್ನಡದಲ್ಲೇ ಹೇಳಿಕೊಳ್ಳಬಹುದು. “ಸೊಂಟ ಸೆಳೀತದೆ”, “ಕಾಲು ಜೋಮು ಹಿಡಿದ ಹಾಗೆ” ಎಂಬ ಮಾತಿನ ವ್ಯತ್ಯಾಸ ಈ ರೋಗದಲ್ಲಿ ತುಂಬ ದೊಡ್ಡದು. ಮೊದಲನೆಯದು ಮೂಳೆಯ ನೋವಿರಬಹುದು, ಎರಡನೆಯದು ಔಷಧದಿಂದ ನರಕ್ಕೆ ಆದ ಪೆಟ್ಟು. ಆದರೆ ಇಡೀ ರಾಜ್ಯದ, ಪಕ್ಕದ ರಾಜ್ಯಗಳ ಬಡವರೆಲ್ಲ ಬರುವ ಜಾಗವಾದ್ದರಿಂದ ಜನಜಂಗುಳಿ ಇದ್ದೇ ಇರುತ್ತದೆ. ಬೆಳಗ್ಗೆ ಬೇಗ ಹೋಗಬೇಕು, ಕಾಯಬೇಕು. ಜೊತೆಗೆ ಓಡಾಡಲು ಗಟ್ಟಿಗರೊಬ್ಬರು ಬೇಕು. ಕಲ್ಯಾಣ ಕರ್ನಾಟಕದವರಿಗೆ ಕಲಬುರಗಿಯಲ್ಲೇ ಕಿದ್ವಾಯಿಯ ಕೇಂದ್ರವಿದೆ. ಬೆಂಗಳೂರಿಗೆ ಹೊರಡುವ ಮೊದಲು ಅಲ್ಲಿ ವಿಚಾರಿಸಿ.

ಬೆಂಗಳೂರಿನ ದೊಡ್ಡ ಖಾಸಗಿ ಆಸ್ಪತ್ರೆಗಳಲ್ಲಿ, ಉದಾಹರಣೆಗೆ ಬೊಮ್ಮಸಂದ್ರದ ನಾರಾಯಣ ಹೆಲ್ತ್ ಸಿಟಿಯಲ್ಲಿ, ರಕ್ತರೋಗ ವಿಭಾಗ, ಕಸಿ ಘಟಕ, ಡಯಾಲಿಸಿಸ್, ರಕ್ತನಿಧಿ ಒಂದೇ ಆವರಣದಲ್ಲಿ ಸಿಗುತ್ತವೆ. ಕೋರಮಂಗಲದ ಸೇಂಟ್ ಜಾನ್ಸ್ ಮಿಷನ್ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ಖರ್ಚಿನಲ್ಲೂ ವಾತಾವರಣದಲ್ಲೂ ಅದನ್ನು ಕಾರ್ಪೊರೇಟ್ ಆಸ್ಪತ್ರೆ ಮತ್ತು ಸರ್ಕಾರಿ ಆಸ್ಪತ್ರೆಯ ನಡುವಿನದೆಂದು ನಾನು ನೋಡುತ್ತೇನೆ. ಖಾಸಗಿಯಲ್ಲಿ ಕಾಯುವಿಕೆ ಕಡಿಮೆ, ವೈದ್ಯರನ್ನು ಫೋನಿನಲ್ಲಿ ಹಿಡಿಯುವುದು ಸುಲಭ. ಬಿಲ್ಲಿನ ಭಯ ಮಾತ್ರ ತಪ್ಪಿದ್ದಲ್ಲ.

ಮಲೆನಾಡು, ಕರಾವಳಿಯವರಿಗೆ ಘಟ್ಟ ಇಳಿದರೆ ಮಣಿಪಾಲ. ವೈದ್ಯಕೀಯ ಕಾಲೇಜಿನ ಕಸ್ತೂರಬಾ ಆಸ್ಪತ್ರೆ ನಮ್ಮ ಕಡೆಯವರಿಗೆ ಅಜ್ಜಂದಿರ ಕಾಲದಿಂದ ಗೊತ್ತು. ಬಹಳ ಮನೆಗಳಲ್ಲಿ ಅಲ್ಲಿನ ಆರೋಗ್ಯ ಕಾರ್ಡ್ ಕೂಡ ಇರುತ್ತದೆ. ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದರೆ ಏನು ಗತಿ ಎಂದು ಯೋಚಿಸಿಟ್ಟುಕೊಳ್ಳಿ. ಮುರಿದ ಬೆನ್ನುಮೂಳೆಯವರನ್ನು ಆ ತಿರುವುಗಳಲ್ಲಿ ಕರೆದೊಯ್ದವರಿಗೆ ಈ ಮಾತು ಅರ್ಥವಾಗುತ್ತದೆ.

ವೆಲ್ಲೂರಿನ ಸಿಎಂಸಿ (ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು) 1986ರಿಂದ ಮಜ್ಜೆ ಕಸಿ ಮಾಡುತ್ತಿರುವ ಜಾಗ. ಅಲ್ಲಿನ ರಕ್ತರೋಗ ವಿಭಾಗ ಈಗ ಊರೊಳಗಿನ ಹಳೆಯ ಆಸ್ಪತ್ರೆಯಲ್ಲಿಲ್ಲ, ರಾಣಿಪೇಟೆಯ ಹೊಸ ಕ್ಯಾಂಪಸ್ಸಿನಲ್ಲಿದೆ. ಕೋಣೆ ಹಿಡಿಯುವ ಮೊದಲು ಇದು ಗೊತ್ತಿರಲಿ. ಕೋಲಾರ, ಬೆಂಗಳೂರಿನವರಿಗೆ ಅದು ಹತ್ತಿರವೇ, ನಮ್ಮಂಥವರಿಗೆ ದೂರ. ಇನ್ನು ಮುಂಬೈಯ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆ. ಭಾರತದ ಮೊದಲ ಮಜ್ಜೆ ಕಸಿ 1983ರಲ್ಲಿ ಅಲ್ಲೇ ನಡೆದದ್ದು. ಬೆಳಗಾವಿ, ಕಾರವಾರದ ಕಡೆಯ ಬಹಳ ಮಂದಿ ಅಲ್ಲಿಗೇ ಹೋಗುತ್ತಾರೆ. ಆದರೆ ಟಾಟಾದ ಅಭಿಪ್ರಾಯ ಬೇಕೆಂದರೆ ಮುಂಬೈಗೇ ಹೋಗಬೇಕಿಲ್ಲ. ನವ್ಯ ಎಂಬ ಆನ್‌ಲೈನ್ ಸೇವೆಯ ಮೂಲಕ ರಿಪೋರ್ಟುಗಳನ್ನು ಕಳಿಸಿ ಅಲ್ಲಿನ ತಜ್ಞರ ಲಿಖಿತ ಅಭಿಪ್ರಾಯ ಪಡೆಯಬಹುದು. ಎರಡನೆಯ ಅಭಿಪ್ರಾಯ ಕೇಳಿದರೆ ಮೊದಲ ವೈದ್ಯರಿಗೆ ಅವಮಾನ ಎಂದು ಅಪ್ಪಯ್ಯ ತುಂಬ ಹಿಂಜರಿದರು. ಕೊನೆಗೆ ನಮ್ಮ ವೈದ್ಯರೇ, “ಕಳಿಸಿ, ನನಗೂ ಒಳ್ಳೇದು” ಎಂದರು.

ವಾರದ ಸೂಜಿ ಮನೆಯ ಹತ್ತಿರ

ನಾವು ಅತಿ ಹೆಚ್ಚು ದಣಿದದ್ದು ಇಲ್ಲೇ. ಮೊದಲ ಹಂತದ ಚಿಕಿತ್ಸೆಯ ಬೆನ್ನೆಲುಬು ಬಾರ್ಟೆಝೋಮಿಬ್ ಎಂಬ ಸೂಜಿ, ಲೆನಾಲಿಡೊಮೈಡ್ ಗುಳಿಗೆ, ಡೆಕ್ಸಾಮೆಥಸೋನ್ ಸ್ಟೀರಾಯ್ಡ್. ಕಿಡ್ನಿ ಸೋತವರಿಗೆ ಶುರುವಿನಲ್ಲಿ ಲೆನಾಲಿಡೊಮೈಡ್ ಬದಲು ಸೈಕ್ಲೊಫಾಸ್ಫಮೈಡ್ ಕೊಡುವುದೂ ಉಂಟು. ಈಗ ಇವುಗಳ ಜೊತೆಗೆ ಡಾರಾಟುಮುಮ್ಯಾಬ್ ಸೇರಿಸುವ ಪದ್ಧತಿ ಬೆಳೆಯುತ್ತಿದೆ. ಬಾರ್ಟೆಝೋಮಿಬ್ ಹೊಟ್ಟೆಯ ಅಥವಾ ತೊಡೆಯ ಚರ್ಮದಡಿಗೆ ಕೊಡುವ ಸೂಜಿ, ಕೆಲವು ನಿಮಿಷದ ಕೆಲಸ. ಸಾಮಾನ್ಯವಾಗಿ ವಾರಕ್ಕೊಮ್ಮೆ, ತಿಂಗಳುಗಟ್ಟಲೆ ನಡೆಯುತ್ತದೆ. ಆ ಕೆಲವು ನಿಮಿಷಕ್ಕಾಗಿ ನಾವು ಮೊದಲ ಎರಡು ತಿಂಗಳು ಪ್ರತಿವಾರ ಬೆಂಗಳೂರಿಗೆ ರೈಲು ಹತ್ತಿದೆವು. ಅಪ್ಪಯ್ಯನ ಬೆನ್ನಿಗೆ ಬೆಲ್ಟು, ಅಮ್ಮನ ಕೈಯಲ್ಲಿ ಬಿಸಿನೀರಿನ ಫ್ಲಾಸ್ಕು. ಅಲ್ಲಿನ ವೈದ್ಯರು ಒಂದು ದಿನ ತಾವಾಗಿಯೇ ಕೇಳಿದರು: “ಶಿವಮೊಗ್ಗದಲ್ಲಿ ಯಾರೂ ಇಲ್ವಾ?”

ಇದ್ದರು. ಎಪ್ಪತ್ತು ಚಿಲ್ಲರೆ ಕಿಲೋಮೀಟರು, ಬೆಳಗ್ಗೆ ಹೋಗಿ ಊಟದ ಹೊತ್ತಿಗೆ ಮನೆ. ಬೆಂಗಳೂರಿನವರು ಔಷಧದ ಪ್ರಮಾಣ, ದಿನಾಂಕ, ಸೂಜಿಗೆ ಮೊದಲು ನೋಡಬೇಕಾದ ರಕ್ತದ ಎಣಿಕೆ ಎಲ್ಲವನ್ನೂ ಬರೆದು ಕೊಟ್ಟರು. ಶಿವಮೊಗ್ಗದ ವೈದ್ಯರು ಅದರಂತೆ ನಡೆಸಿದರು. ಎರಡು ತಿಂಗಳಿಗೊಮ್ಮೆ ಮಾತ್ರ ರೈಲು. ದೊಡ್ಡ ಆಸ್ಪತ್ರೆ ಬಿಟ್ಟು ಬಂದರೆ ಚಿಕಿತ್ಸೆಯ ಗುಣ ಇಳಿಯುತ್ತದೆ ಎಂಬ ಭಯ ಬೇಡ. ಔಷಧ ಅದೇ, ಪ್ರಮಾಣ ಅದೇ. ಹತ್ತಿರದ ಜಾಗ ಆರಿಸುವಾಗ ನೋಡಬೇಕಾದದ್ದು ಬೇರೆ. ಕಿಮೋ ಸೂಜಿ ತಯಾರಿಸಲು ತರಬೇತಾದ ನರ್ಸ್ ಇದ್ದಾರೆಯೇ? ರಾತ್ರಿ ಹೊತ್ತು ರಕ್ತ ಸಿಗುತ್ತದೆಯೇ? ಡಯಾಲಿಸಿಸ್ ಇದೆಯೇ? ಎಂಆರ್‌ಐ ಇದೆಯೇ? ನಿಮ್ಮ ದೊಡ್ಡ ವೈದ್ಯರ ಫೋನು ಎತ್ತಿ ಮಾತಾಡುವ ಮನಸ್ಸು ಅಲ್ಲಿನ ವೈದ್ಯರಿಗಿದೆಯೇ? ಈ ಕೊನೆಯದು ಇಲ್ಲದಿದ್ದರೆ ಉಳಿದದ್ದೆಲ್ಲ ಇದ್ದೂ ಕಷ್ಟ.

ರಾತ್ರಿಯ ಮಾತು ಯಾಕೆ ಬಂತೆಂದರೆ, ಈ ಚಿಕಿತ್ಸೆಯಲ್ಲಿರುವವರಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೆ ಬೆಳಗಿನವರೆಗೆ ಕಾಯುವಂತಿಲ್ಲ. ಕಾಲು ಇದ್ದಕ್ಕಿದ್ದಂತೆ ಬಲ ಕಳೆದುಕೊಂಡರೆ, ಮೂತ್ರ ಕಟ್ಟಿದರೆ ಬೆನ್ನುಹುರಿ ಒತ್ತಿಕೊಂಡಿರಬಹುದು. ಆಗ ಗಂಟೆಗಳ ಲೆಕ್ಕ. ಮಾತು ತೊದಲಿ, ಬಾಯಾರಿ, ಮಲಬದ್ಧತೆಯಾಗಿ ಮಂಕು ಕವಿದರೆ ಕ್ಯಾಲ್ಸಿಯಂ ಏರಿರಬಹುದು. ಆ ಹೊತ್ತಿನಲ್ಲಿ 360 ಕಿಲೋಮೀಟರು ದೂರದ ಪ್ರಸಿದ್ಧ ಆಸ್ಪತ್ರೆಗಿಂತ ಅರ್ಧ ಗಂಟೆಯ ದಾರಿಯ ಸಾದಾ ಆಸ್ಪತ್ರೆಯೇ ದೇವರು.

ಪರೀಕ್ಷೆಗಳ ಬಗ್ಗೆಯೂ ಒಂದು ಮಾತು. ಎಲೆಕ್ಟ್ರೋಫೊರೆಸಿಸ್, ಲೈಟ್ ಚೈನ್ ಪರೀಕ್ಷೆಗೆ ರೋಗಿ ಊರಿಂದೂರಿಗೆ ಹೋಗಬೇಕಿಲ್ಲ. ರಕ್ತ ಹೋದರೆ ಸಾಕು. ದೊಡ್ಡ ಲ್ಯಾಬುಗಳ ಸಂಗ್ರಹ ಕೇಂದ್ರಗಳು ಈಗ ತಾಲ್ಲೂಕು ಊರುಗಳಲ್ಲೂ ಇವೆ. ಆದರೆ ಪ್ರತಿ ಸಲ ಅದೇ ಲ್ಯಾಬಿಗೆ ಕೊಡಿ. ಒಂದು ಲ್ಯಾಬಿನ ಲೈಟ್ ಚೈನ್ ಅಂಕಿಯನ್ನು ಇನ್ನೊಂದರ ಅಂಕಿಯ ಪಕ್ಕ ಇಟ್ಟು ಹೋಲಿಸಿದರೆ ರೋಗ ಏರಿತೋ ಇಳಿಯಿತೋ ತಿಳಿಯದೆ ರಾತ್ರಿಯಿಡೀ ನಿದ್ದೆಗೆಡಬೇಕಾಗುತ್ತದೆ.

ಕಸಿ ಮಾಡಿಸುವುದೋ ಬೇಡವೋ

“ನನ್ನ ಮಜ್ಜೆ ತಗೊಳ್ಳಿ, ನಾನು ಕೊಡ್ತೀನಿ” ಎಂದು ವೈದ್ಯರ ಮುಂದೆ ತಮ್ಮ ಎದ್ದು ನಿಂತ. ವೈದ್ಯರು ನಕ್ಕು ಅವನನ್ನು ಕೂರಿಸಿದರು. ಮೈಲೋಮಾದಲ್ಲಿ ಸಾಮಾನ್ಯವಾಗಿ ಮಾಡುವ ಕಸಿಗೆ ದಾನಿ ಬೇಡ. ರೋಗಿಯ ಕಾಂಡಕೋಶಗಳನ್ನೇ (ಹೊಸ ರಕ್ತಕಣ ಹುಟ್ಟಿಸುವ ಮೂಲ ಕೋಶಗಳು) ರಕ್ತದಿಂದ ತೆಗೆದಿಟ್ಟು, ಮೆಲ್ಫಲಾನ್ ಎಂಬ ಔಷಧವನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟು ಮಜ್ಜೆಯನ್ನು ಬರಿದು ಮಾಡಿ, ಅದೇ ಕೋಶಗಳನ್ನು ಹಿಂದಕ್ಕೆ ಹರಿಸುತ್ತಾರೆ. ಹತ್ತು ಹದಿನಾಲ್ಕು ದಿನಕ್ಕೆ ರಕ್ತಕಣಗಳ ಎಣಿಕೆ ಚಿಗುರತೊಡಗುತ್ತದೆ. ವಾರ್ಡಿನಲ್ಲಿ ಎರಡು ಮೂರು ವಾರ. ಮೆಲ್ಫಲಾನ್ ಹನಿಯುವಾಗ ಬಾಯಲ್ಲಿ ಐಸಿನ ಚೂರು ಇಟ್ಟುಕೊಂಡರೆ ಬಾಯಿಹುಣ್ಣು ಕಡಿಮೆ. ಇದನ್ನು ಅಲ್ಲಿನ ನರ್ಸ್ ಹೇಳಿಕೊಟ್ಟರು, ಅಪ್ಪಯ್ಯ ಮಗುವಿನ ಹಾಗೆ ಪಾಲಿಸಿದರು.

ಕಸಿಯಿಂದ ರೋಗ ಪೂರ್ತಿ ವಾಸಿಯಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2022ರಲ್ಲಿ ಪ್ರಕಟವಾದ ಅಮೆರಿಕದ ಡಿಟರ್ಮಿನೇಷನ್ ಎಂಬ ಅಧ್ಯಯನದಲ್ಲಿ, ಮೂರು ಔಷಧಗಳ ಜೊತೆ ಕಸಿಯನ್ನೂ ಮಾಡಿಸಿಕೊಂಡವರಲ್ಲಿ ರೋಗ ಮತ್ತೆ ಮುಂದುವರಿಯದೆ ಉಳಿದ ಅವಧಿಯ ಮಧ್ಯಾಂಕ (ಅರ್ಧದಷ್ಟು ಮಂದಿ ದಾಟಿದ ಅವಧಿ) 67.5 ತಿಂಗಳು, ಔಷಧ ಮಾತ್ರ ಪಡೆದವರಲ್ಲಿ 46.2 ತಿಂಗಳು. ಆದರೆ ಬದುಕಿದ ಒಟ್ಟು ಕಾಲದಲ್ಲಿ ಆ ಹೊತ್ತಿಗೆ ಇಬ್ಬರ ನಡುವೆ ಅಂತರ ಕಾಣಲಿಲ್ಲ. ಹಾಗಾಗಿ ವಯಸ್ಸಾದವರಿಗೆ, ಹೃದಯ ಸೋತವರಿಗೆ ಕಸಿ ಬೇಡವೆಂದರೆ ಕೈಬಿಟ್ಟರು ಎಂದು ಅರ್ಥವಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಮೈಯಲ್ಲಿ ತ್ರಾಣವಿದ್ದು ವೈದ್ಯರು ಸರಿ ಎಂದರೆ ಮಾಡಿಸುವುದೇ ಒಳ್ಳೆಯದು. ದುಬಾರಿ ಔಷಧಗಳನ್ನು ಕೊನೆಯಿಲ್ಲದೆ ಕೊಳ್ಳಲಾಗದ ನಮ್ಮಂಥ ಮನೆಗಳಿಗೆ ರೋಗ ಅಡಗಿರುವ ಆ ಹೆಚ್ಚುವರಿ ತಿಂಗಳುಗಳು ಬಹಳ ಬೆಲೆಬಾಳುತ್ತವೆ.

ಹತ್ತಿರದಲ್ಲೇ ಚಿಕಿತ್ಸೆ ಪಡೆಯುವವರು ಇಲ್ಲೊಂದು ಎಚ್ಚರ ವಹಿಸಬೇಕು. ಲೆನಾಲಿಡೊಮೈಡ್ ಬಹುಕಾಲ ತೆಗೆದುಕೊಂಡ ಮೇಲೆ ಕಾಂಡಕೋಶಗಳು ಸಾಕಷ್ಟು ಸಿಗದೆ ಹೋಗಬಹುದು. ಆದ್ದರಿಂದ ಮೊದಲ ಎರಡು ಮೂರು ತಿಂಗಳಲ್ಲೇ ಕಸಿ ಕೇಂದ್ರಕ್ಕೆ ಒಮ್ಮೆ ತೋರಿಸಿ ದಿನ ಗೊತ್ತುಮಾಡಿಕೊಳ್ಳಿ. ಕೇಂದ್ರ ಆರಿಸುವಾಗ ವರ್ಷಕ್ಕೆ ಮೈಲೋಮಾ ರೋಗಿಗಳಿಗೆ ಎಷ್ಟು ಕಸಿ ಮಾಡುತ್ತೀರಿ, ಎಲ್ಲ ಸೇರಿ ಖರ್ಚೆಷ್ಟು, ಸೋಂಕು ತಗುಲಿ ಐಸಿಯುಗೆ ಹೋದರೆ ಎಸ್ಟಿಮೇಟ್ ಎಲ್ಲಿಗೆ ಮುಟ್ಟುತ್ತದೆ ಎಂದು ಬರಹದಲ್ಲೇ ಕೇಳಿ. ಖಾಸಗಿಯಲ್ಲಿ ಇದು ಹಲವು ಲಕ್ಷದ ಮಾತು. ಡಿಸ್ಚಾರ್ಜ್ ಆದ ಮೇಲೂ ಕೆಲವು ವಾರ ಆಸ್ಪತ್ರೆಯ ಹತ್ತಿರವೇ ಇರಬೇಕಾಗುತ್ತದೆ. ಅಡುಗೆಮನೆ ಇರುವ ಕೋಣೆ ಹುಡುಕಿ. ಹೋಟೆಲಿನ ಊಟ ಆಗ ಕೂಡದು. ನಮ್ಮ ಅಮ್ಮ ಒಂದು ಕುಕ್ಕರು, ಎರಡು ಪಾತ್ರೆ ಹಿಡಿದು ಬಂದು ಇಡೀ ತಿಂಗಳು ಗಂಜಿ, ಬೇಯಿಸಿದ ಪಲ್ಯದಲ್ಲೇ ಕಳೆದಳು.

ದುಡ್ಡಿನ ದಾರಿ

ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವು. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30, ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ಖಾಸಗಿ ಆಸ್ಪತ್ರೆಯಲ್ಲಿ ಇದನ್ನು ಬಳಸಲು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ನಮ್ಮ ಜಿಲ್ಲೆಯವರಿಗೆ ಅದಕ್ಕೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ಯಾವ ಔಷಧ ಪ್ಯಾಕೇಜಿನೊಳಗೆ, ಯಾವುದು ಹೊರಗೆ ಎಂಬುದನ್ನು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರ ಬಳಿ ಅಡ್ಮಿಟ್ ಆಗುವ ಮೊದಲೇ ಕೇಳಿ. ಬಿಲ್ಲು ಕಟ್ಟಿದ ಮೇಲೆ ಕೇಳಿದರೆ ಹೆಚ್ಚೇನೂ ಆಗದು. ರಾಜ್ಯ ಸರ್ಕಾರಿ ನೌಕರರ ಮನೆಯವರಿಗೆ ಬೇರೆಯೇ ಆರೋಗ್ಯ ಯೋಜನೆ ಇದೆ. ಮುಖ್ಯಮಂತ್ರಿ ಪರಿಹಾರ ನಿಧಿಗೂ ಅರ್ಜಿ ಹಾಕಬಹುದು.

ಬಾರ್ಟೆಝೋಮಿಬ್, ಲೆನಾಲಿಡೊಮೈಡ್ ಎರಡಕ್ಕೂ ಭಾರತದ ಕಂಪನಿಗಳ ಜನರಿಕ್ ಇವೆ. ಒಂದೇ ಔಷಧಕ್ಕೆ ಬ್ರ್ಯಾಂಡಿನಿಂದ ಬ್ರ್ಯಾಂಡಿಗೆ ಬೆಲೆ ಬಹಳ ಬೇರೆ, ಎಂಆರ್‌ಪಿಗೂ ನಿಜವಾಗಿ ಕೊಡುವ ಬೆಲೆಗೂ ಅಂತರವಿರುತ್ತದೆ. ವೈದ್ಯರಿಗೇ ಹೇಳಿ ಕಡಿಮೆ ಬೆಲೆಯದನ್ನು ಬರೆಸಿಕೊಳ್ಳಲು ನಾಚಬೇಡಿ. ಡಾರಾಟುಮುಮ್ಯಾಬ್ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಿದ್ದಾರೆ. ಬಿಲ್ಲಿನಲ್ಲಿ ಅದು ಇಳಿದಿದೆಯೇ ನೋಡಿ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಚಿಕಿತ್ಸೆಗೆ ಹೋಗಿಬರಲು ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ಪೂರ್ತಿ ರಿಯಾಯಿತಿ, ಜೊತೆಗೆ ಹೋಗುವ ಒಬ್ಬರಿಗೆ ಶೇ 75. ಆಸ್ಪತ್ರೆಯಿಂದ ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಬರೆಸಿಕೊಂಡು ಹೋಗಬೇಕು.

ಆಸರೆ

ಆಸ್ಪತ್ರೆಗಳನ್ನು ಹೋಲಿಸುವಾಗ ಯಾರೂ ಕೇಳದ ವಿಭಾಗ ಪ್ಯಾಲಿಯೇಟಿವ್ ಕೇರ್, ಅಂದರೆ ನೋವು, ಸಂಕಟ ಇಳಿಸುವ ಆರೈಕೆ. ಆ ಹೆಸರು ಕೇಳಿದರೆ ಕೊನೆಗಾಲ ಎಂದು ಬೆಚ್ಚುತ್ತೇವೆ. ಅಪ್ಪಯ್ಯನನ್ನು ಮೂರನೇ ತಿಂಗಳಲ್ಲೇ ಅಲ್ಲಿಗೆ ಕಳಿಸಿದರು. ಕಿಡ್ನಿಗೆ ಹಾನಿಯಾಗದಂತೆ ನೋವು ಇಳಿಸುವುದು ಹೇಗೆಂದು ಗೊತ್ತಿದ್ದದ್ದು ಅವರಿಗೇ. ಅಂದು ರಾತ್ರಿ ಅಪ್ಪಯ್ಯ ಬಹಳ ದಿನದ ಮೇಲೆ ಮಗ್ಗುಲು ಬದಲಿಸಿ ಮಲಗಿದರು. ಬೆಂಗಳೂರಿನಲ್ಲಿ ಕರುಣಾಶ್ರಯದಂಥ ಉಚಿತ ಆರೈಕೆಯ ಮನೆಯಿದೆ. ರೋಗ ಕೈಮೀರಿದವರಿಗೆ ಅದು ದೊಡ್ಡ ಆಸರೆ.

ಮೂಳೆ ಗಟ್ಟಿಗೆ ಜೊಲೆಡ್ರೊನಿಕ್ ಆಸಿಡ್ ಹನಿಸುವ ಮೊದಲು ಹಲ್ಲಿನ ವೈದ್ಯರಿಗೆ ತೋರಿಸಿ, ಕೀಳಬೇಕಾದ ಹಲ್ಲಿದ್ದರೆ ಆಗಲೇ ಕೀಳಿಸಿ. ಆಮೇಲೆ ಕೀಳಿಸಿದರೆ ದವಡೆಯ ಮೂಳೆಗೆ ಅಪಾಯ. ಸರ್ಪಸುತ್ತು ಬಾರದಂತೆ ಎಸೈಕ್ಲೊವಿರ್, ಲೆನಾಲಿಡೊಮೈಡ್ ಜೊತೆ ರಕ್ತ ಹೆಪ್ಪುಗಟ್ಟದಂತೆ ಆಸ್ಪಿರಿನ್ ಬರೆದಿದ್ದಾರೆಯೇ ಕೇಳಿ. ಊರಿನ ನೆಂಟರು ತಂದುಕೊಡುವ ಕಷಾಯ, ಗ್ರೀನ್ ಟೀ ಬಗ್ಗೆ ವೈದ್ಯರಿಂದ ಮುಚ್ಚಿಡಬೇಡಿ. ಗ್ರೀನ್ ಟೀ ಬಾರ್ಟೆಝೋಮಿಬ್‌ನ ಕೆಲಸಕ್ಕೆ ಅಡ್ಡ ಬರಬಹುದು.

ಎಷ್ಟು ಕಡೆ ಹೋದರೂ ನಮ್ಮ ಜೊತೆ ಇರುವುದು ಒಂದು ಹಾಳೆ. ರೋಗದ ಹೆಸರು ಮತ್ತು ಬಗೆ, ಫಿಶ್ ಫಲಿತಾಂಶ, ಈವರೆಗೆ ಕೊಟ್ಟ ಔಷಧ ಮತ್ತು ದಿನಾಂಕ, ಕೊನೆಯ ಕ್ರಿಯಾಟಿನಿನ್ (ಕಿಡ್ನಿಯ ಸ್ಥಿತಿ ಹೇಳುವ ರಕ್ತದ ಅಂಕಿ), ಕೊಡಲೇಬಾರದ ನೋವಿನ ಗುಳಿಗೆಗಳು, ರಕ್ತದ ಗುಂಪು, ಶಿವಮೊಗ್ಗ ಮತ್ತು ಬೆಂಗಳೂರಿನ ವೈದ್ಯರ ಫೋನು. ಅಮ್ಮ ಅದನ್ನು ಫೈಲಿನ ಮೊದಲ ಪುಟದಲ್ಲಿಟ್ಟಿದ್ದಾಳೆ, ನಾವು ಮೂವರೂ ಅದರ ಫೋಟೋ ತೆಗೆದು ಮೊಬೈಲಿನಲ್ಲಿ ಇಟ್ಟುಕೊಂಡಿದ್ದೇವೆ. ಪ್ರತಿ ಸಲ ಆಸ್ಪತ್ರೆಯಿಂದ ಬಂದ ಸಂಜೆ ಹಳೆಯದನ್ನು ಹರಿದು ಹೊಸದು ಬರೆಯುವವನು ತಮ್ಮ.